ಓಡಿ ಬಂದವರ ಊರಿನಲ್ಲಿ ಒಂದು ಟಿಕೆಟ್ ಕಿಂಡಿ

ಮನೆಯಲ್ಲಿ ಹೇಳದೆ ಕೇಳದೆ ಓಡಿಹೋಗಿ ಮದುವೆಯಾಗುವ ಜೋಡಿಗಳ ಸುದ್ದಿ ನಮಗೇನೂ ಹೊಸದಲ್ಲ ಬಿಡಿ. ಆದರೆ ಹಾಗೆ ಓಡಿಬಂದವರಿಂದಲೇ ಹೆಸರು ಮಾಡಿದ, ಅವರಿಂದಲೇ ನಾಲ್ಕು ಕಾಸು ಕಂಡ ಊರೊಂದಿದೆ ಅಂದರೆ ನಂಬುತ್ತೀರಾ? ಸ್ಕಾಟ್‌ಲೆಂಡಿನ ದಕ್ಷಿಣದ ಹೊಸ್ತಿಲಲ್ಲಿ, ಇಂಗ್ಲೆಂಡಿನ ಗಡಿಗೆ ಅಂಟಿಕೊಂಡಿರುವ ಗ್ರೆಟ್ನಾ ಗ್ರೀನ್ ಅಂಥ ಊರು. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ರೈಲು ಹತ್ತಿದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಇಲ್ಲಿ ಇಳಿಯಬಹುದು. ನಡುವೆ ಸಾರ್ಕ್ ಎಂಬ ಸಣ್ಣ ಹೊಳೆ. ಅದೇ ಎರಡು ದೇಶಗಳ ಗಡಿ.

1754ರಿಂದ ಇಂಗ್ಲೆಂಡಿನಲ್ಲಿ ಒಂದು ಕಾನೂನು ಜಾರಿಗೆ ಬಂತು. ಇಪ್ಪತ್ತೊಂದು ತುಂಬದ ಹುಡುಗ ಹುಡುಗಿ ಮದುವೆಯಾಗಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಹೊಳೆಯ ಈಚೆ ಸ್ಕಾಟ್‌ಲೆಂಡಿನಲ್ಲಿ ಆ ಕಟ್ಟಳೆ ಇಲ್ಲ. ಇಬ್ಬರು ಸಾಕ್ಷಿಗಳ ಮುಂದೆ 'ನಾವು ಗಂಡ ಹೆಂಡಿರು' ಅಂದುಬಿಟ್ಟರೆ ಮುಗಿಯಿತು. ಕುದುರೆ ಗಾಡಿಯಲ್ಲಿ ಓಡಿಬಂದವರಿಗೆ ಗಡಿ ದಾಟಿದೊಡನೆ ಸಿಗುವ ಮೊದಲ ಊರು ಇದು, ದಾರಿಯಲ್ಲಿ ಕಾಣುವುದು ಕಮ್ಮಾರನ ಸಾಲೆ. ಹೀಗಾಗಿ ಕಮ್ಮಾರನೇ ಪುರೋಹಿತನಾದ. ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಅದೇ ಗಟ್ಟಿಮೇಳ! ದಕ್ಷಿಣೆ ಮಾತ್ರ ಬಂದವರ ಜೇಬು ನೋಡಿ, ಅವರ ಅವಸರ ನೋಡಿ. ಹಿಂದಿನಿಂದ ಹುಡುಗಿಯ ಅಪ್ಪ ಕುದುರೆ ಓಡಿಸಿಕೊಂಡು ಬರುತ್ತಿದ್ದಾನೆ ಅಂದರೆ ಯಾರು ತಾನೇ ಚೌಕಾಸಿ ಮಾಡುತ್ತಾರೆ ಹೇಳಿ.

1856ರಲ್ಲಿ, ಇಬ್ಬರಲ್ಲಿ ಒಬ್ಬರಾದರೂ ಸ್ಕಾಟ್‌ಲೆಂಡಿನಲ್ಲಿ 21 ದಿನ ಇದ್ದಿರಬೇಕು ಎಂಬ ನಿಯಮ ಬಂತು. 1940ರಲ್ಲಿ ಕಮ್ಮಾರನ ಪೌರೋಹಿತ್ಯವೂ ನಿಂತಿತು. ಆದರೂ ಊರಿನ ಹೆಸರು ಹೋಗಲಿಲ್ಲ. ಇವತ್ತಿಗೂ ವರ್ಷಕ್ಕೆ ಸಾವಿರಾರು ಜೋಡಿ ಇಲ್ಲಿಗೆ ಬಂದು ಮದುವೆಯಾಗುತ್ತವೆ, ಅಪ್ಪ ಅಮ್ಮನನ್ನು ಕರೆದುಕೊಂಡೇ! ಪ್ರವಾಸಿ ಬಸ್ಸುಗಳು ಬಂದು ನಿಲ್ಲುತ್ತವೆ, ಬ್ಯಾಗ್‌ಪೈಪ್ ಊದುವವನು ಚೌಕಳಿಯ ಲಂಗ ಉಟ್ಟು ನಿಂತಿರುತ್ತಾನೆ, ಜನ ಫೋಟೊ ತೆಗೆಸಿಕೊಂಡು, ಬಿಸ್ಕತ್ತಿನ ಡಬ್ಬಿ ಕೊಂಡು ಹೊರಟುಬಿಡುತ್ತಾರೆ. ನಮ್ಮ ಬಸ್ಸೂ ಒಂದು ಗಂಟೆ ನಿಂತಿತ್ತು. ಜೊತೆಗಿದ್ದವರೆಲ್ಲ ಕಮ್ಮಾರನ ಸಾಲೆಯ ಕಡೆ ಹೋದರು. ನಾನು ಮಾತ್ರ ಬೇರೆ ದಾರಿ ಹಿಡಿದೆ. ಯಾಕೆ ಅಂತೀರಾ? ನನಗೆ ಈ ಊರಿನ ಫುಟ್‌ಬಾಲ್ ಮೈದಾನ ನೋಡಬೇಕಿತ್ತು.

ನಗಬೇಡಿ. ಆಟದ ಹುಚ್ಚು ನನಗಿಲ್ಲ. ಮನೆಯ ಖರ್ಚಿನ ಲೆಕ್ಕ ಬರೆಯುವ ನಮ್ಮಂಥವರಿಗೆ ಈ ಊರಿನ ಕ್ಲಬ್ಬಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ, ಅದಕ್ಕೆ.

ಮದುವೆಯ ಗ್ರೆಟ್ನಾ ಗ್ರೀನ್ ಒಂದು, ಅದಕ್ಕೆ ಅಂಟಿಕೊಂಡೇ ಬರೀ 'ಗ್ರೆಟ್ನಾ' ಅನ್ನಿಸಿಕೊಂಡ ಊರು ಇನ್ನೊಂದು. ಈ ಎರಡನೆಯದು ಹುಟ್ಟಿದ್ದು ಮೊದಲನೆಯ ಮಹಾಯುದ್ಧದಲ್ಲಿ. ತೋಪು ಬಂದೂಕುಗಳಿಗೆ ಬೇಕಾದ ಕಾರ್ಡೈಟ್ ಎಂಬ ಮದ್ದಿಗಾಗಿ ಇಲ್ಲಿ ಮೈಲಿಗಟ್ಟಲೆ ಉದ್ದದ ಕಾರ್ಖಾನೆ ಕಟ್ಟಿದರು. ಅಲ್ಲಿ ದುಡಿದವರಲ್ಲಿ ಸುಮಾರು 12 ಸಾವಿರ ಮಂದಿ ಹೆಂಗಸರು. ನೈಟ್ರೋಗ್ಲಿಸರಿನ್‌ಗೆ ಗನ್‌ಕಾಟನ್ ಬೆರೆಸಿ, ನಾವು ಚಪಾತಿ ಹಿಟ್ಟು ನಾದುವ ಹಾಗೆ, ಕೈಯಲ್ಲೇ ನಾದುವ ಕೆಲಸ! ಆಗ ನೋಡಲು ಬಂದಿದ್ದ ಷರ್ಲಾಕ್ ಹೋಮ್ಸ್ ಕತೆಗಳ ಆರ್ಥರ್ ಕಾನನ್ ಡಾಯ್ಲ್ ಆ ಮುದ್ದೆಗೆ 'ಸೈತಾನನ ಗಂಜಿ' ಎಂದು ಹೆಸರಿಟ್ಟ. ಆ ಹುಡುಗಿಯರು ಇರುವುದಕ್ಕೆಂದು ಎದ್ದ ಬೀದಿಗಳೇ ಇಂದಿನ ಗ್ರೆಟ್ನಾ. ಪಕ್ಕದ ಈಸ್ಟ್‌ರಿಗ್ಸ್‌ನಲ್ಲಿ ಅವರ ಕಥೆ ಹೇಳುವ ಮ್ಯೂಸಿಯಂ ಇದೆ. ಹೋದವರು ಬಿಡದೆ ನೋಡಿ. ಅಡಿಗಲ್ಲು ನೋಡುವವರಲ್ಲಿ ಕಾಲುಭಾಗ ಜನವೂ ಅಲ್ಲಿಗೆ ಹೋಗುವುದಿಲ್ಲವೇನೋ ಅಂತ ನನ್ನ ಅನುಮಾನ.

ಗ್ರೆಟ್ನಾದಲ್ಲಿ ಈಗ ಸುಮಾರು ಮೂರು ಸಾವಿರ ಜನ. ನಮ್ಮ ಕಡೆಯ ಒಂದು ಹೋಬಳಿ ಊರು ಅನ್ನಿ. ಎರಡನೆಯ ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಲ್ಲಿ ಗ್ರೆಟ್ನಾ ಫುಟ್‌ಬಾಲ್ ಕ್ಲಬ್ ಶುರುವಾಯಿತು. ಕ್ಲಬ್ಬಿಗೆ ಪ್ರೀತಿಯ ಹೆಸರು 'ಆನ್‌ವಿಲ್ಸ್', ಅಂದರೆ ಅದೇ ಅಡಿಗಲ್ಲು. ಸ್ಕಾಟ್‌ಲೆಂಡಿನ ಊರಾದರೂ ಇಂಗ್ಲೆಂಡ್ ಹತ್ತಿರ ಅಂತ ಅನೇಕ ವರ್ಷ ಇಂಗ್ಲೆಂಡಿನ ಸಣ್ಣ ಲೀಗುಗಳಲ್ಲೇ ಆಡಿದರು. 2002ರಲ್ಲಿ ಏರ್‌ಡ್ರಿಯೋನಿಯನ್ಸ್ ಎಂಬ ಹಳೆಯ ಸ್ಕಾಟಿಷ್ ಕ್ಲಬ್ ಸಾಲದಲ್ಲಿ ಮುಳುಗಿ ಮುಚ್ಚಿದಾಗ ಲೀಗಿನಲ್ಲಿ ಒಂದು ಜಾಗ ಖಾಲಿಯಾಯಿತು, ಅದು ಗ್ರೆಟ್ನಾಕ್ಕೆ ಸಿಕ್ಕಿತು. ಒಬ್ಬರ ಮನೆ ಬಿದ್ದ ಜಾಗದಲ್ಲಿ ಇವರು ಕಾಲಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಸಣ್ಣ ಕ್ಲಬ್ಬಿನ ಸಂಸಾರ ಹೇಗೆ ನಡೆಯುತ್ತದೆ ಗೊತ್ತೆ? ಮುಖ್ಯ ಆದಾಯ ಗೇಟಿನ ದುಡ್ಡು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಆಟ. ಗೋಡೆಯಲ್ಲಿ ಒಂದು ಕಿಂಡಿ, ಒಬ್ಬೊಬ್ಬರೇ ನುಸುಳುವ ತಿರುಗುವ ಗೇಟು. ಅಲ್ಲಿ ಕೈಬದಲಾಗುವ ಕಾಸೇ ಆ ವಾರದ ಅಕ್ಕಿ ಬೇಳೆ. ವರ್ಷದ ಟಿಕೆಟ್ ಮೊದಲೇ ಕೊಂಡವರ ದುಡ್ಡು ಬೇಸಿಗೆಯಲ್ಲೇ ಬಂದು ಖರ್ಚೂ ಆಗಿರುತ್ತದೆ, ಕೊಯ್ಲಿಗೆ ಮುಂಚೆ ಮುಂಗಡ ತಂದ ಹಾಗೆ. ಬಿಡುವಿನಲ್ಲಿ ಕಾಯುವುದು ತಿಂಡಿಯ ಕಿಂಡಿ. ಅಂಗೈಯಗಲದ ಗಟ್ಟಿ ಹಿಟ್ಟಿನ ಬಟ್ಟಲಲ್ಲಿ ಕೊಚ್ಚಿದ ಕುರಿಮಾಂಸ, ಮೆಣಸು ತುಂಬಿ, ಮೇಲೆ ಮುಚ್ಚಳ ಹಾಕಿ ಬೇಯಿಸಿದ ಸ್ಕಾಚ್ ಪೈ. ಮುಚ್ಚಳಕ್ಕಿಂತ ಅಂಚು ಒಂದು ಬೆರಳು ಎತ್ತರ, ಮೇಲೆ ಗ್ರೇವಿ ಹುಯ್ಯಲು ಅನುಕೂಲ. ಹಲ್ಲು ಕಡಿಯುವ ಚಳಿಯಲ್ಲಿ ಅದನ್ನು ಕೈಯಲ್ಲಿ ಹಿಡಿದರೆ ಕೈಗೂ ಶಾಖ, ಹೊಟ್ಟೆಗೂ ಶಾಖ. ನಮ್ಮಂಥ ಸಸ್ಯಾಹಾರಿಗಳು ಚಹಾದಲ್ಲೇ ತೃಪ್ತಿಪಡಬೇಕು. ಇದಲ್ಲದೆ ಲಾಟರಿ ಚೀಟಿ, ಊರಿನ ಅಂಗಡಿಯವರು ಗೋಡೆಗೆ ಹಾಕಿಸುವ ಜಾಹೀರಾತು, ಆಟದ ಚೆಂಡನ್ನು 'ಪ್ರಾಯೋಜಿಸುವ' ಯಾವುದೋ ಗ್ಯಾರೇಜಿನವನ ಕಾಣಿಕೆ, ಹೀಗೆ ಚೂರುಪಾರು. ಲೀಗಿನಿಂದ ಬರುವ ಪಾಲೂ ಉಂಟು, ಆದರೆ ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ ಅದು ಅಲ್ಪ.

ಒಂದೇ ಒಂದು ಲಾಟರಿ ಉಂಟು. ಸ್ಕಾಟಿಷ್ ಕಪ್ ಪಂದ್ಯಗಳಲ್ಲಿ ಗೇಟಿನ ದುಡ್ಡನ್ನು ಎರಡು ಕ್ಲಬ್ಬುಗಳೂ ಹಂಚಿಕೊಳ್ಳುತ್ತವೆ. ಚೀಟಿ ಎತ್ತುವಾಗ ಗ್ಲ್ಯಾಸ್ಗೋದ ರೇಂಜರ್ಸ್ ಅಥವಾ ಸೆಲ್ಟಿಕ್ ಎದುರಾಳಿಯಾಗಿ ಬಂತೋ, ಸೋತರೂ ಚಿಂತೆಯಿಲ್ಲ, ಆ ಒಂದು ದಿನದ ಪಾಲಿನಲ್ಲಿ ಮಾಡಿಗೆ ಹೊಸ ತಗಡು ಹಾಕಿಸಬಹುದು.

ಇಂಥ ಬಡ ಸಂಸಾರಕ್ಕೆ ಒಬ್ಬ ಕುಬೇರ ಬಂದ. ಹೆಸರು ಬ್ರೂಕ್ಸ್ ಮೈಲ್ಸನ್. ಉತ್ತರ ಇಂಗ್ಲೆಂಡಿನ ವ್ಯಾಪಾರಸ್ಥ. ಕೋಟು ಟೈ ಹಾಕುವ ಸಾಹುಕಾರ ಅಲ್ಲ, ಉದ್ದ ಕೂದಲನ್ನು ಹಿಂದೆ ಗಂಟು ಹಾಕಿಕೊಂಡು ಓಡಾಡುವ ಮನುಷ್ಯ. ಮನೆಯ ಬಳಿ ನೂರಾರು ಅನಾಥ ಪ್ರಾಣಿಗಳನ್ನು ಸಾಕಿದ್ದ. ಕೆಟ್ಟವನು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬೇರೆ ಎಷ್ಟೋ ಸಣ್ಣ ಕ್ಲಬ್ಬುಗಳಿಗೂ ಕೈ ಬಿಚ್ಚಿ ಕೊಟ್ಟವನು. ಗ್ರೆಟ್ನಾ ಅಂದರೆ ಅವನಿಗೆ ಜೀವ. ಸಂಬಳ ಕೊಟ್ಟು ದೊಡ್ಡ ಲೀಗುಗಳ ಆಟಗಾರರನ್ನು ಕರೆಸಿದ. ಗೇಟಿನ ದುಡ್ಡಿನಲ್ಲಿ ಅಲ್ಲ, ತನ್ನ ಜೇಬಿನಿಂದ.

ಆಮೇಲೆ ನೋಡಿ ಓಟ! 2004-05ರಲ್ಲಿ ಎಲ್ಲಕ್ಕಿಂತ ಕೆಳಗಿನ ಥರ್ಡ್ ಡಿವಿಷನ್ನಿನಲ್ಲಿ 36 ಪಂದ್ಯಗಳಲ್ಲಿ 32 ಗೆದ್ದು, 130 ಗೋಲು ಹೊಡೆದು ಮೊದಲನೆಯ ಸ್ಥಾನ. ಮರುವರ್ಷ ಸೆಕೆಂಡ್ ಡಿವಿಷನ್. ಅದರ ಮರುವರ್ಷ, 2007ರ ಏಪ್ರಿಲ್‌ನಲ್ಲಿ, ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಜೇಮ್ಸ್ ಗ್ರೇಡಿ ಹೊಡೆದ ಗೋಲಿನಿಂದ ಫಸ್ಟ್ ಡಿವಿಷನ್ನೂ ಕೈಗೆ ಬಂತು. ಮೂರು ವರ್ಷದಲ್ಲಿ ಮೂರು ಮೆಟ್ಟಿಲು. ಮೂರು ಸಾವಿರ ಜನರ ಊರು ದೇಶದ 12 ಅತಿ ದೊಡ್ಡ ಕ್ಲಬ್ಬುಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿತು.

ನಡುವೆ 2006ರ ಮೇ 13ರಂದು ಒಂದು ಹಬ್ಬವೇ ಆಯಿತು. ಸ್ಕಾಟಿಷ್ ಕಪ್ಪಿನ ಫೈನಲ್, ಗ್ಲ್ಯಾಸ್ಗೋದ ಹ್ಯಾಂಪ್ಡನ್ ಪಾರ್ಕ್, ಎದುರಾಳಿ ಎಡಿನ್‌ಬರೋದ ಹಾರ್ಟ್ಸ್. ಸುಮಾರು 51 ಸಾವಿರ ಪ್ರೇಕ್ಷಕರು. ಗ್ರೆಟ್ನಾದ ಕಡೆ ಕೂತವರ ಲೆಕ್ಕ ಇಡೀ ಊರಿನ ಜನಸಂಖ್ಯೆಗಿಂತ ಹೆಚ್ಚು! ಸುತ್ತಮುತ್ತಲಿನ ಊರಿನವರು, ನೆಂಟರು, ಗಡಿಯಾಚೆಯವರು, ಬರೀ ಸಂಭ್ರಮ ನೋಡಲು ಬಂದವರು, ಎಲ್ಲರೂ ಅಂದು ಗ್ರೆಟ್ನಾದವರೇ. ಪಂದ್ಯ 1-1 ಸಮವಾಗಿ, ಪೆನಾಲ್ಟಿಯಲ್ಲಿ ಗ್ರೆಟ್ನಾ ಸೋತಿತು. ಸೋತರೂ ಆ ವರ್ಷ ಯುರೋಪಿನ ಯುಇಎಫ್‌ಎ ಕಪ್‌ನಲ್ಲಿ ಆಡುವ ಅವಕಾಶ ಸಿಕ್ಕಿತು. ಅಲ್ಲಿ ಐರ್ಲೆಂಡಿನ ಡೆರ್ರಿ ಸಿಟಿ ಮೊದಲನೆಯ ಪಂದ್ಯದಲ್ಲೇ 5-1ರಿಂದ ಬಡಿದು ಕಳಿಸಿತು ಅನ್ನುವುದು ಬೇರೆ ಮಾತು.

ನಮ್ಮಲ್ಲಿ ಮದುವೆ ಮನೆಗೆ ಸಾವಿರ ಜನ ಬರುತ್ತಾರೆ. ಮದುವೆಯಾದ ಮೂರನೆಯ ವಾರ ಗ್ಯಾಸ್ ಮುಗಿದಾಗ ಎಷ್ಟು ಜನ ಬರುತ್ತಾರೆ? ಗ್ರೆಟ್ನಾಕ್ಕೂ ಹಾಗೇ ಆಯಿತು.

ಆಗ ಮೇಲಿನ ಲೀಗಿನ ನಿಯಮ, ಮೈದಾನದಲ್ಲಿ ಕನಿಷ್ಠ 6 ಸಾವಿರ ಕುರ್ಚಿ ಇರಬೇಕಿತ್ತು. ಗ್ರೆಟ್ನಾದ ರೇಡೇಲ್ ಪಾರ್ಕ್ ಮನೆಗಳ ನಡುವೆ ಇರುವ ಪುಟ್ಟ ಮೈದಾನ. ಅಲ್ಲಿ ಆಡುವ ಹಾಗಿಲ್ಲ ಅಂದರು. ಆಗ ಸುಮಾರು 120 ಕಿಲೋಮೀಟರ್ ದೂರದ ಮದರ್‌ವೆಲ್ ಕ್ಲಬ್ಬಿನ ಫರ್ ಪಾರ್ಕನ್ನು ಬಾಡಿಗೆಗೆ ಹಿಡಿದರು. ಯೋಚನೆ ಮಾಡಿ. 'ಮನೆಯ ಪಂದ್ಯ' ಅಂತ ಹೆಸರು, ಆಡೋದು ಪರರ ಮನೆಯಲ್ಲಿ. ಊರಿನ ಅಜ್ಜ ಮೊಮ್ಮಗನ ಕೈ ಹಿಡಿದು ನಡೆದು ಹೋಗುತ್ತಿದ್ದ ಆಟಕ್ಕೆ ಈಗ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು, ಹೋಗೋದಕ್ಕೂ ಬರೋದಕ್ಕೂ ಸೇರಿ 240 ಕಿಲೋಮೀಟರ್ ಪಯಣ. ಟಿಕೆಟ್ಟಿನ ಮೇಲೆ ಬಸ್ಸಿನ ಖರ್ಚು ಬೇರೆ. ಒಂದೆರಡು ಸಲ ಹೋಗಬಹುದು, ಆಮೇಲೆ? ಗ್ಲ್ಯಾಸ್ಗೋದ ದೊಡ್ಡ ಕ್ಲಬ್ಬುಗಳು ಬಂದಾಗ ಅವರ ಕಡೆಯವರೇ ಕುರ್ಚಿ ತುಂಬುತ್ತಿದ್ದರು. ಉಳಿದ ದಿನ ಬಿಕೋ ಅನ್ನುತ್ತಿತ್ತು. ಒಂದೇ ಹುಲ್ಲಿನ ಮೇಲೆ ಎರಡು ಕ್ಲಬ್ಬು ಆಡಿ ಆಡಿ ಮೈದಾನವೂ ಕೆಸರು ಗದ್ದೆಯಾಯಿತು.

2008ರ ಏಪ್ರಿಲ್ 5ರಂದು ಇನ್ವರ್‌ನೆಸ್ ಕ್ಲಬ್ ಆಡಲು ಬಂದಿತ್ತು. ಅವತ್ತು ಇಡೀ ಮೈದಾನದಲ್ಲಿದ್ದ ಪ್ರೇಕ್ಷಕರು 431. ಆ ಪ್ರೀಮಿಯರ್ ಲೀಗಿನ ಚರಿತ್ರೆಯಲ್ಲೇ ಅತಿ ಕಡಿಮೆ. 431ರಲ್ಲಿ ಎದುರಾಳಿಯ ಕಡೆಯವರೂ ಸೇರಿದ್ದಾರೆ, ಮರೆಯಬೇಡಿ.

ಬನ್ನಿ, ಲೆಕ್ಕದ ಪುಸ್ತಕ ತೆಗೆಯೋಣ. ತಲೆಗೆ 20 ಪೌಂಡ್ ಅಂತಲೇ ಇಟ್ಟುಕೊಳ್ಳಿ, ಮಕ್ಕಳು ಮುದುಕರಿಗೆ ರಿಯಾಯಿತಿಯನ್ನೂ ಮರೆತುಬಿಡಿ. 431 ಜನಕ್ಕೆ 8,620 ಪೌಂಡ್. ಒಂದು ಪೌಂಡ್ ನಮ್ಮ ನೂರು ರೂಪಾಯಿಗಿಂತ ಹೆಚ್ಚು ಅಂತ ಬಾಯಿ ತೆರೆಯಬೇಡಿ, ಖರ್ಚೂ ಪೌಂಡಿನಲ್ಲೇ. ಅದರಲ್ಲಿ ಪರರ ಮೈದಾನದ ಬಾಡಿಗೆ ಕೊಡಬೇಕು, ಕಾವಲಿನವರಿಗೆ ಕೊಡಬೇಕು, ಬಸ್ಸಿಗೆ ಕೊಡಬೇಕು. ಆಮೇಲೆ ಇಪ್ಪತ್ತು ಚಿಲ್ಲರೆ ಆಟಗಾರರ ಸಂಬಳ, ತರಬೇತುದಾರರು, ಆಫೀಸಿನವರು, ಬಟ್ಟೆ ಒಗೆಯುವವರು. ಹಾಗಾದರೆ ಇಡೀ ಊರೇ ಬಂದಿದ್ದರೆ? ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯ ತನಕ ಮೂರು ಸಾವಿರ ಜನವೂ ಟಿಕೆಟ್ ಕೊಂಡರೂ ಮೇಲಿನ ಲೀಗ್ ಆಗ ಕೇಳುತ್ತಿದ್ದ ಆರು ಸಾವಿರ ಕುರ್ಚಿಯಲ್ಲಿ ಅರ್ಧ ಖಾಲಿ. ಆ ಊರಿನ ಅಳತೆಗೆ ಆ ಅಂಗಿ ಹೊಲಿಸಿದ್ದೇ ಅಲ್ಲ.

ಗೇಟಿನ ದುಡ್ಡಿಗೂ ಖರ್ಚಿಗೂ ನಡುವೆ ಇದ್ದ ಆ ದೊಡ್ಡ ಹಳ್ಳವನ್ನು ತುಂಬುತ್ತಿದ್ದದ್ದು ಒಬ್ಬ ಮನುಷ್ಯನ ಜೇಬು. 2008ರ ಆರಂಭದಲ್ಲಿ ಆ ಮನುಷ್ಯನ ಆರೋಗ್ಯ ಕೆಟ್ಟಿತು, ದುಡ್ಡು ಬರುವುದು ನಿಂತಿತು. ಮಾರ್ಚ್ ಹೊತ್ತಿಗೆ ಕ್ಲಬ್ಬು ಸಾಲಗಾರರ ಪರವಾಗಿ ಬಂದ ಆಡಳಿತಗಾರರ ಕೈಗೆ ಹೋಯಿತು. ಸಾಲ ಸುಮಾರು 40 ಲಕ್ಷ ಪೌಂಡ್. ಶಿಕ್ಷೆಯೆಂದು 10 ಅಂಕ ಕಿತ್ತುಕೊಂಡರು. ಆಟಗಾರರಿಗೆ ಸಂಬಳ ಸರಿಯಾಗಿ ಸಿಗಲಿಲ್ಲ. ವರ್ಷದ ಪಂದ್ಯಗಳು ಅರ್ಧಕ್ಕೇ ನಿಂತರೆ ಎಲ್ಲ ಕ್ಲಬ್ಬುಗಳಿಗೂ ತೊಂದರೆ ಅಂತ ಲೀಗಿನವರೇ ಕೈಯಿಂದ ದುಡ್ಡು ಕೊಟ್ಟು ಹೇಗೋ ಕೊನೆಯ ತನಕ ಆಡಿಸಿದರು.

ಕೊನೆಯ ಪಂದ್ಯ ಯಾರ ಜೊತೆ ಗೊತ್ತೆ? ಅದೇ ಹಾರ್ಟ್ಸ್. ದಿನ ಯಾವುದು? ಅದೇ ಮೇ 13, ಸರಿಯಾಗಿ ಎರಡು ವರ್ಷದ ನಂತರ. ಅಂದು ಗ್ರೆಟ್ನಾ 1-0 ಗೆದ್ದಿತು! ಗೆದ್ದು ಮಾಡುವುದೇನು? ಕೆಲವೇ ದಿನದಲ್ಲಿ ಕೆಲಸದವರಿಗೆ ಮನೆಗೆ ಹೋಗಿ ಅಂದರು. ಜೂನ್‌ನಲ್ಲಿ ಲೀಗಿನ ಜಾಗ ಬಿಟ್ಟುಕೊಟ್ಟರು, ಆಗಸ್ಟ್‌ನಲ್ಲಿ ಕ್ಲಬ್ಬನ್ನೇ ವಿಸರ್ಜಿಸಿದರು. ನವೆಂಬರ್‌ನಲ್ಲಿ ಮೈಲ್ಸನ್ ಕೂಡ ತೀರಿಕೊಂಡ. 62 ವರ್ಷದ ಬದುಕಿನಲ್ಲಿ ಹೆಚ್ಚುಪಾಲು ಬಡತನದಲ್ಲೇ ಕಳೆದ ಕ್ಲಬ್ಬು ಕೊನೆಯ ಐದು ವರ್ಷದ ಸಿರಿಯಲ್ಲಿ ಸತ್ತಿತು.

ಖಾಲಿಯಾದ ಆ ಜಾಗ ಯಾರಿಗೆ ಹೋಯಿತು? ಹತ್ತಿರದಲ್ಲೇ ಇರುವ ಆನನ್ ಎಂಬ ಊರಿನ ಆನನ್ ಅಥ್ಲೆಟಿಕ್ ಕ್ಲಬ್ಬಿಗೆ. 2002ರಲ್ಲಿ ಇನ್ನೊಬ್ಬರ ಮನೆ ಬಿದ್ದಾಗ ಗ್ರೆಟ್ನಾ ಒಳಗೆ ಬಂದ ಹಾಗೆಯೇ 2008ರಲ್ಲಿ ಗ್ರೆಟ್ನಾದ ಮನೆ ಬಿದ್ದಾಗ ನೆರೆಯವರು ಒಳಗೆ ಬಂದರು. ಅವರದು ಆತುರವಿಲ್ಲದ ನಡಿಗೆ. ಒಂದು ಮೆಟ್ಟಿಲು ಮೇಲೆ ಹತ್ತುವುದಕ್ಕೆ ಅವರಿಗೆ 2023ರ ತನಕ, ಹದಿನೈದು ವರ್ಷ ಹಿಡಿಯಿತು. ಅವರ ಬಗ್ಗೆ ಯಾರೂ ಹೀಗೆ ಪತ್ರಿಕೆಗೆ ಬರೆಯುವುದಿಲ್ಲ, ಅದು ಬೇರೆ.

ಗ್ರೆಟ್ನಾದಲ್ಲಿ ಮಾತ್ರ ಜನ ಸುಮ್ಮನೆ ಕೂರಲಿಲ್ಲ. ಹಳೆಯ ಅಭಿಮಾನಿಗಳೇ ಸೇರಿ ಅದೇ ವರ್ಷ 'ಗ್ರೆಟ್ನಾ 2008' ಅಂತ ಹೊಸ ಕ್ಲಬ್ಬು ಕಟ್ಟಿದರು. ಸಾಹುಕಾರ ಇಲ್ಲ, ಸದಸ್ಯರೇ ಯಜಮಾನರು. ಮೊದಮೊದಲು ಆನನ್ ಊರಿನ ಮೈದಾನದಲ್ಲೇ ಆಡಿ, ಆಮೇಲೆ ರೇಡೇಲ್ ಪಾರ್ಕಿಗೆ ಮರಳಿದರು. 2013ರಲ್ಲಿ ಲೋಲೆಂಡ್ ಲೀಗ್ ಹುಟ್ಟಿದಾಗ ಅದರಲ್ಲಿ ಸೇರಿದರು. ದೊಡ್ಡ ಲೀಗಿನ ನಾಲ್ಕು ಡಿವಿಷನ್ನಿಗಿಂತ ಕೆಳಗಿನ ಐದನೆಯ ಮೆಟ್ಟಿಲು ಅದು. ಕುರ್ಚಿಯ ನಿಯಮವಿಲ್ಲ, ಬಾಡಿಗೆಯಿಲ್ಲ, ಯುರೋಪ್ ಇಲ್ಲ.

ನಾನು ಹೋದದ್ದು ವಾರದ ನಡುವೆ. ಆಟವಿರಲಿಲ್ಲ, ಗೇಟಿಗೆ ಬೀಗ. ಸುತ್ತ ಮನೆಗಳು, ಒಂದು ಹಿತ್ತಲಲ್ಲಿ ಒಗೆದ ಬಟ್ಟೆ ಹಾರುತ್ತಿತ್ತು. ಬೇಲಿಯ ಸಂದಿನಿಂದ ಇಣುಕಿದೆ. ಇಷ್ಟೇ ಇಷ್ಟು ಮೈದಾನ! ನಮ್ಮೂರಿನ ಹೈಸ್ಕೂಲಿನದು ಇದಕ್ಕಿಂತ ಅಗಲ ಅನ್ನಿಸಿತು. ಆದರೆ ಹುಲ್ಲು ನೀಟಾಗಿ ಕತ್ತರಿಸಿತ್ತು, ಸುಣ್ಣದ ಗೆರೆ ಹೊಸದಾಗಿತ್ತು. ಯಾರೋ ಹಿಂದಿನ ದಿನ ತಾನೇ ಬಂದು ಎಳೆದು ಹೋಗಿರಬೇಕು.

ಗಡಿಯಾರ ನೋಡಿಕೊಂಡು ಓಡೋಡಿ ಬಂದೆ. ಬಸ್ಸಿನ ಹತ್ತಿರ ಬಿಳಿ ಉಡುಪಿನ ಮದುಮಗಳೊಬ್ಬಳು ಸೆರಗಿನಂಥದ್ದನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡು ಫೋಟೊಕ್ಕೆ ನಿಂತಿದ್ದಳು. ಪಕ್ಕದ ಸೀಟಿನಾಕೆ ಬಿಸ್ಕತ್ತಿನ ಡಬ್ಬಿ ಬಿಚ್ಚಿ ಮುಂದೆ ಹಿಡಿದು, "ಎಲ್ಲಿ ಹೋಗಿದ್ರಿ, ಅಡಿಗಲ್ಲೇ ನೋಡಲಿಲ್ವಲ್ಲ?" ಅಂದರು. "ನೋಡ್ದೆ" ಅಂದೆ, ಒಂದು ಬಿಸ್ಕತ್ತು ತೆಗೆದುಕೊಂಡೆ.